ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಮನ್‌ಹೈಮ್, ಹೈಡೆಲ್‌ಬರ್ಗ್ ಸೇರೋದು ಹೇಗೆ: ಹೊಸಬರಿಗೆ ಮಾರ್ಗದರ್ಶಿ

ಜರ್ಮನಿಯ ಮನ್‌ಹೈಮ್, ಹೈಡೆಲ್‌ಬರ್ಗ್, ವಾಲ್ಡೋರ್ಫ್ ಕಡೆ ಕೆಲಸ ಸಿಕ್ಕಿ ಬರುವ ನಮ್ಮವರಲ್ಲಿ ಹೆಚ್ಚಿನವರು ಇಳಿಯುವುದು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲೇ. ಅಲ್ಲಿಂದ ಮನ್‌ಹೈಮ್‌ಗೆ ಸುಮಾರು 80 ಕಿ.ಮೀ. ವೇಗದ ರೈಲು, ಅಂದರೆ ಐಸಿಇ, ಅರ್ಧ ಗಂಟೆ ಚಿಲ್ಲರೆಯಲ್ಲಿ ತಲುಪಿಸುತ್ತದೆ. ದಾರಿ ಸುಲಭ. ಕಷ್ಟ ಆಗೋದು ನಿದ್ದೆಗೆಟ್ಟ ಮಕ್ಕಳು, ಏಳೆಂಟು ಸೂಟ್‌ಕೇಸು ಮತ್ತು ಮೊದಲೇ ತೆಗೆದಿಟ್ಟ ಅಗ್ಗದ ಟಿಕೆಟ್ ಈ ಮೂರೂ ಒಟ್ಟಿಗೆ ಸೇರಿದಾಗ.

ಆ ಟಿಕೆಟ್ ವಿಷಯವನ್ನೇ ಮೊದಲು ಹೇಳಿಬಿಡುತ್ತೇವೆ. ಜರ್ಮನ್ ರೈಲ್ವೆಯಲ್ಲಿ, ಅಂದರೆ ಡಾಯ್ಚ ಬಾನ್‌ನಲ್ಲಿ, ಒಂದೇ ಪ್ರಯಾಣಕ್ಕೆ ಎರಡು ಥರದ ದರ ಇರುತ್ತದೆ. ಷ್ಪಾರ್‌ಪ್ರೈಸ್ ಅಗ್ಗ, ಆದರೆ ಟಿಕೆಟ್‌ನಲ್ಲಿ ಬರೆದಿರುವ ಐಸಿಇಯನ್ನೇ ಹತ್ತಬೇಕು. ಫ್ಲೆಕ್ಸ್‌ಪ್ರೈಸ್ ದುಬಾರಿ, ಆದರೆ ಆ ದಿನ ಆ ದಾರಿಯಲ್ಲಿ ಹೋಗುವ ಯಾವ ರೈಲನ್ನಾದರೂ ಹತ್ತಬಹುದು. ಊರಲ್ಲಿ ಕೂತು ಮೂರು ತಿಂಗಳು ಮುಂಚೆ ಷ್ಪಾರ್‌ಪ್ರೈಸ್ ತೆಗೆದಾಗ ಹತ್ತಿಪ್ಪತ್ತು ಯೂರೋ ಉಳಿಸಿದ ಖುಷಿ ಇರುತ್ತದೆ, ಆಮೇಲೆ ವಿಮಾನ ಒಂದು ಗಂಟೆ ತಡವಾಗಿ, ಇಮಿಗ್ರೇಷನ್ ಸಾಲು ಉದ್ದವಾಗಿ, ಕೊನೆಯ ಸೂಟ್‌ಕೇಸ್ ಬರುವಷ್ಟರಲ್ಲಿ ರೈಲು ಹೋಗಿರುತ್ತದೆ, ಟಿಕೆಟ್ಟೂ ಹೋಗಿರುತ್ತದೆ. ರೈಲು ತಾನೇ ತಡವಾಗಿ, ನೀವು ಊರು ತಲುಪೋದು 20 ನಿಮಿಷಕ್ಕಿಂತ ತಡ ಆಗುತ್ತೆ ಅಂತಾದರೆ ಬೇರೆ ರೈಲು ಹತ್ತಲು ಬಿಡುತ್ತಾರೆ. ವಿಮಾನ ತಡವಾದರೆ ಅದು ನಿಮ್ಮ ತಲೆನೋವು. ಬರುವ ದಿನ ಒಂದು ದಿನ ಮಾತ್ರ ಟಿಕೆಟ್‌ನಲ್ಲಿ ಜುಗ್ಗತನ ಬೇಡ.

ನಮ್ಮ ಸಲಹೆ ಇದು. ಟಿಕೆಟ್ ಮೊದಲೇ ತೆಗೆಯಬೇಡಿ. ಸಾಮಾನೆಲ್ಲ ಕೈಗೆ ಬಂದ ಮೇಲೆ ಅಲ್ಲೇ ನಿಂತು, ವಿಮಾನ ನಿಲ್ದಾಣದ ಉಚಿತ ವೈಫೈನಲ್ಲಿ ಡಾಯ್ಚ ಬಾನ್‌ನ ಡಿಬಿ ನ್ಯಾವಿಗೇಟರ್ ಆ್ಯಪ್ ತೆರೆದು, ಒಂದು ಗಂಟೆ ಆಚೆಯ ರೈಲಿಗೆ ತೆಗೆಯಿರಿ. ಎಷ್ಟೋ ಸಲ ಆಗಲೂ ಷ್ಪಾರ್‌ಪ್ರೈಸ್ ಸಿಗುತ್ತದೆ. ಭಾರತದ ಕಾರ್ಡ್ ಆದರೆ ಓಟಿಪಿ ಬರುವುದು ಭಾರತದ ಸಿಮ್‌ಗೆ, ಹಾಗಾಗಿ ಹೊರಡುವ ಮುಂಚೆಯೇ ರೋಮಿಂಗ್ ಮತ್ತು ಕಾರ್ಡ್‌ನ ವಿದೇಶಿ ಬಳಕೆ ಎರಡನ್ನೂ ಆನ್ ಮಾಡಿಸಿಕೊಳ್ಳಿ. ಮಕ್ಕಳ ವಿಷಯ: 6 ವರ್ಷದ ಒಳಗಿನವರಿಗೆ ಟಿಕೆಟ್ಟೇ ಬೇಡ. 6ರಿಂದ 14ರವರೆಗಿನ ಮಕ್ಕಳಿಗೆ ಐಸಿಇಯಲ್ಲಿ ದೊಡ್ಡವರ ಜೊತೆ ದುಡ್ಡಿಲ್ಲ, ಆದರೆ ಟಿಕೆಟ್ ತೆಗೆಯುವಾಗ ಅವರನ್ನೂ ಸೇರಿಸಿರಲೇಬೇಕು. ಸೀಟು ಕಾಯ್ದಿರಿಸೋದಕ್ಕೆ ಬೇರೆ ದುಡ್ಡು. ಅರ್ಧ ಗಂಟೆ ದಾರಿಗೆ ನಾವಂತೂ ಮಾಡಿಸಲ್ಲ, ಪುಟ್ಟ ಮಗು ಇದ್ದರೆ ಮಾಡಿಸಿ.

ಕಂಪನಿಯವರೇ ವಿಮಾನದ ಟಿಕೆಟ್ ಕೊಡಿಸುತ್ತಿದ್ದರೆ 'ರೈಲ್ ಆ್ಯಂಡ್ ಫ್ಲೈ', ಅಂದರೆ ವಿಮಾನದ ಟಿಕೆಟ್ ಜೊತೆಗೇ ಬರುವ ರೈಲು ಟಿಕೆಟ್, ಸೇರಿಸಲು ಆಗುತ್ತಾ ಅಂತ ಒಂದು ಮಾತು ಕೇಳಿ. ಅದಿದ್ದರೆ ಇದೇ ರೈಲು ಅನ್ನೋ ಕಟ್ಟಿಲ್ಲ.

ಈಗ ನಿಲ್ದಾಣ. ಇಲ್ಲಿ ಹೊಸಬರು ಯಾವಾಗಲೂ ಗೊಂದಲಕ್ಕೆ ಬೀಳುತ್ತಾರೆ, ಯಾಕಂದರೆ ವಿಮಾನ ನಿಲ್ದಾಣದಲ್ಲಿ ರೈಲು ನಿಲ್ದಾಣ ಒಂದಲ್ಲ, ಎರಡು. ಟರ್ಮಿನಲ್ 1ರ ಕೆಳಗೇ ಇರುವುದು ರೆಗಿಯೊನಾಲ್‌ಬಾನ್‌ಹೋಫ್, ಅಂದರೆ ಲೋಕಲ್ ರೈಲುಗಳದ್ದು, ಪ್ಲಾಟ್‌ಫಾರ್ಮ್ 1ರಿಂದ 3. ನಿಮಗೆ ಬೇಕಾಗಿರೋದು ಫರ್ನ್‌ಬಾನ್‌ಹೋಫ್, ದೂರದ ರೈಲುಗಳದ್ದು, ಪ್ಲಾಟ್‌ಫಾರ್ಮ್ 4ರಿಂದ 7. ಟರ್ಮಿನಲ್ 1ರಿಂದ ಸೇತುವೆಯಂಥ ದಾರಿಯಲ್ಲಿ ನಡೆದು ಹೋಗಬೇಕು, ಸಾಮಾನು ಎಳೆದುಕೊಂಡು ಹೋದರೆ ಹತ್ತು ಹದಿನೈದು ನಿಮಿಷ. ಬೆಂಗಳೂರಿನಿಂದ ನೇರ ಬರುವ ಲುಫ್ತಾನ್ಸಾ ಇಳಿಯುವುದೇ ಟರ್ಮಿನಲ್ 1ರಲ್ಲಿ. ದುಬೈ, ದೋಹಾ ಕಡೆಯಿಂದ ಬಂದು ಬೇರೆ ಟರ್ಮಿನಲ್‌ನಲ್ಲಿ ಇಳಿದವರು ಮೊದಲು ಉಚಿತ ಸ್ಕೈ ಲೈನ್ ರೈಲು ಅಥವಾ ಬಸ್ ಹಿಡಿದು ಟರ್ಮಿನಲ್ 1ಕ್ಕೆ ಬರಬೇಕು, ಅದಕ್ಕೆ ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ಬೋರ್ಡಿನಲ್ಲಿ ರೈಲಿನ ಕೊನೆಯ ಊರು ದೊಡ್ಡದಾಗಿ, ನಡುವಿನ ಊರುಗಳು ಚಿಕ್ಕದಾಗಿ ಬರೆದಿರುತ್ತವೆ. ಮ್ಯೂನಿಕ್ ಅಂತ ಕಂಡ ತಕ್ಷಣ ಓಡಿ ಹತ್ತಬೇಡಿ. ಮ್ಯೂನಿಕ್ ರೈಲುಗಳಲ್ಲಿ ಕೆಲವು ಮನ್‌ಹೈಮ್ ಮೇಲೆ ಹೋಗುತ್ತವೆ, ಕೆಲವು ವ್ಯೂರ್ತ್ಸ್‌ಬುರ್ಗ್, ನ್ಯೂರ್ನ್‌ಬರ್ಗ್ ಮೇಲೆ ಹೋಗುತ್ತವೆ. ಚಿಕ್ಕ ಅಕ್ಷರದಲ್ಲಿ ಮನ್‌ಹೈಮ್ ಇದೆಯಾ ನೋಡಿ. ಕೊನೇ ಗಳಿಗೆಯಲ್ಲಿ ಪ್ಲಾಟ್‌ಫಾರ್ಮ್ ಬದಲಾಗುವುದೂ ಉಂಟು, ಹಾಗಾಗಿ ಕಿವಿ ತೆರೆದಿರಲಿ.

ಪ್ಲಾಟ್‌ಫಾರ್ಮ್ ಉದ್ದಕ್ಕೂ ಎ, ಬಿ, ಸಿ ಅಂತ ಅಕ್ಷರದ ಫಲಕ ನೇತು ಹಾಕಿರುತ್ತಾರೆ. ನಿಮ್ಮ ಬೋಗಿ ಯಾವ ಅಕ್ಷರದ ಹತ್ತಿರ ನಿಲ್ಲುತ್ತದೆ ಅಂತ ಆ್ಯಪ್‌ನಲ್ಲೂ ಬೋರ್ಡಿನಲ್ಲೂ ತೋರಿಸುತ್ತದೆ, ಅಲ್ಲೇ ಹೋಗಿ ನಿಂತಿರಿ. ರೈಲು ನಿಲ್ಲುವುದು ಕೆಲವೇ ನಿಮಿಷ. ಕೂಲಿಯವರು ಯಾರೂ ಇಲ್ಲ. ಬಾಗಿಲು ತಾನಾಗಿ ತೆರೆಯದಿದ್ದರೆ ಬಟನ್ ಒತ್ತಬೇಕು. ಒಬ್ಬರು ಮಕ್ಕಳ ಜೊತೆ ಮೊದಲು ಹತ್ತಿ ಬಾಗಿಲ ಒಳಗೇ ನಿಂತುಕೊಳ್ಳಲಿ, ಇನ್ನೊಬ್ಬರು ಕೆಳಗಿಂದ ಸೂಟ್‌ಕೇಸ್ ಒಂದೊಂದೇ ಕೊಡುತ್ತಾ ಕೊನೆಗೆ ಹತ್ತಲಿ. ಎಲ್ಲಾ ಸಾಮಾನು ಒಳಗೆ ಬಂದ ಮೇಲೆ ಸೀಟು ಹುಡುಕಿದರಾಯಿತು. ಸೀಟಿನ ಮೇಲಿನ ಚಿಕ್ಕ ಪರದೆಯಲ್ಲಿ ಊರಿನ ಹೆಸರು ಬಂದರೆ ಅದು ಬೇರೆಯವರದ್ದು. ಇಳಿಯುವಾಗಲೂ ಅಷ್ಟೇ, ಮನ್‌ಹೈಮ್ ಅಂತ ಹೇಳುವ ಮುಂಚೆಯೇ ಸಾಮಾನನ್ನು ಬಾಗಿಲಿಗೆ ತಂದಿರಿ.

ಹೈಡೆಲ್‌ಬರ್ಗ್‌ಗೆ ಹೋಗುವವರು ಹೆಚ್ಚಾಗಿ ಮನ್‌ಹೈಮ್‌ನಲ್ಲಿ ಬದಲಿಸಬೇಕು, ಅಲ್ಲಿಂದ ಲೋಕಲ್ ಎಸ್-ಬಾನ್‌ನಲ್ಲಿ ಕಾಲು ಗಂಟೆಯ ಆಸುಪಾಸು. ವಾಲ್ಡೋರ್ಫ್‌ನವರಿಗೆ ವೀಸ್‌ಲೋಖ್-ವಾಲ್ಡೋರ್ಫ್ ಅನ್ನೋ ಸ್ಟೇಷನ್. ಟಿಕೆಟ್ ತೆಗೆಯುವಾಗಲೇ ಕೊನೆಯ ಸ್ಟೇಷನ್ ಹಾಕಿ, ಮನ್‌ಹೈಮ್‌ವರೆಗೆ ಮಾತ್ರ ತೆಗೆದು ಮುಂದೆ ಹಾಗೇ ಹೋದರೆ 60 ಯೂರೋ ದಂಡ ಬೀಳುತ್ತದೆ. ಸ್ಟೇಷನ್‌ಗಳಲ್ಲಿ ಗೇಟು ಇಲ್ಲ, ಯಾರೂ ಕೇಳಲ್ಲ ಅನ್ನಿಸುತ್ತದೆ. ಕೇಳುತ್ತಾರೆ.

ಡಾಯ್ಚ್‌ಲಾಂಡ್ ಟಿಕೆಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಲೋಕಲ್ ರೈಲು, ಬಸ್ಸುಗಳ ತಿಂಗಳ ಪಾಸು ಅದು, 2023ರಲ್ಲಿ 49 ಯೂರೋಗೆ ಶುರುವಾಯಿತು, ಆಮೇಲೆ ದರ ಏರಿದೆ. ಐಸಿಇಯಲ್ಲಿ ನಡೆಯಲ್ಲ. ಫ್ರಾಂಕ್‌ಫರ್ಟ್ ಮುಖ್ಯ ನಿಲ್ದಾಣಕ್ಕೆ ಹೋಗಿ, ಡಾರ್ಮ್‌ಷ್ಟಾಟ್ ಮೇಲೆ ನಿಧಾನದ ರೈಲಿನಲ್ಲಿ ಬರಬಹುದು. ಆದರೆ ಮೊದಲ ದಿನ ಸಾಮಾನು ಹೊತ್ತುಕೊಂಡು ಅದೆಲ್ಲ ಬೇಡ ಬಿಡಿ.

ಟ್ಯಾಕ್ಸಿ ವಿಮಾನ ನಿಲ್ದಾಣದ ಹೊರಗೇ ಸಿಗುತ್ತದೆ, ಆದರೆ ಮನ್‌ಹೈಮ್‌ವರೆಗೆ ನೂರೈವತ್ತು ಯೂರೋ ಸುಲಭವಾಗಿ ದಾಟುತ್ತದೆ. ಹತ್ತುವ ಮುಂಚೆ ಮೊತ್ತ ಮಾತಾಡಿಕೊಳ್ಳಿ. ರಾತ್ರಿ ತಡವಾಗಿ ಇಳಿದರೆ, ಚಿಕ್ಕ ಮಕ್ಕಳಿದ್ದರೆ ಮೊದಲೇ ವ್ಯಾನ್ ಹೇಳಿಸಿ. 12 ವರ್ಷದ ಒಳಗಿನ, 150 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಕಾರಿನಲ್ಲಿ ಮಕ್ಕಳ ಸೀಟು ಬೇಕೇ ಬೇಕು, ವ್ಯಾನ್ ಹೇಳುವಾಗಲೇ ಕೇಳಿ. ಇಲ್ಲಿನ ನಮ್ಮ ಕನ್ನಡ ಸಂಘದವರು ಕಾರು ತಂದು ಕರೆದುಕೊಂಡು ಹೋಗ್ತೀರಾ ಅಂತ ಕೇಳುವವರಿಗೂ ಇದೇ ಮಾತು: ನಾಲ್ಕು ಜನ, ಎಂಟು ಸೂಟ್‌ಕೇಸು, ಮಾಮೂಲಿ ಕಾರಿಗೆ ಹಿಡಿಸಲ್ಲ. ಮನ್‌ಹೈಮ್ ಸ್ಟೇಷನ್‌ಗೆ ಬನ್ನಿ, ಅಲ್ಲಿಂದ ಮನೆಗೆ ಮುಟ್ಟಿಸೋಕೆ ಸಾಮಾನ್ಯವಾಗಿ ಯಾರಾದರೂ ಸಿಗುತ್ತಾರೆ. ಅಂದಹಾಗೆ ಮನ್‌ಹೈಮ್ ನಡುಪೇಟೆಯಲ್ಲಿ ಬಾಡಿಗೆ ಮನೆ ಸಿಕ್ಕಿದ್ದರೆ ವಿಳಾಸದಲ್ಲಿ ಬೀದಿ ಹೆಸರಿರಲ್ಲ, ಕ್ಯೂ 7, ಸಿ 3 ಅಂತ ಅಕ್ಷರ ಅಂಕಿ ಅಷ್ಟೇ ಇರುತ್ತದೆ. ಗಾಬರಿ ಬೇಡ, ಅದೇ ವಿಳಾಸ.

ಅಪ್ಪ ಅಮ್ಮ ಇಬ್ಬರೇ ಬರುವುದಾದರೆ ವಿಮಾನಕ್ಕೆ ವೀಲ್‌ಚೇರ್ ಹೇಳಿಸಿ, ಭಾಷೆ ಬಾರದವರಿಗೆ ಅದೇ ದೊಡ್ಡ ಆಸರೆ. ಆದಷ್ಟೂ ನೀವೇ ಹೋಗಿ ಕರೆತನ್ನಿ. ಆಗದಿದ್ದರೆ ಮನ್‌ಹೈಮ್ ಸ್ಟೇಷನ್‌ನಲ್ಲಿ ಬಾನ್‌ಹೋಫ್ಸ್‌ಮಿಸ್ಸಿಯೋನ್ ಅನ್ನೋ ಸೇವಾ ಕೇಂದ್ರ ಇದೆ, ಮೊದಲೇ ಹೇಳಿದರೆ ರೈಲು ಬದಲಿಸಲು ನೆರವಾಗುತ್ತಾರೆ, ದುಡ್ಡು ಕೇಳಲ್ಲ. ಅಮ್ಮಂದಿರಿಗೆ ಮೊದಲೇ ಹೇಳಿ: ಭಾರತದಿಂದ ತುಪ್ಪ, ಪೇಡ, ಹಾಲಿನ ಯಾವ ತಿಂಡಿಯನ್ನೂ ಇಲ್ಲಿಗೆ ತರುವಂತಿಲ್ಲ, ಹಸಿ ಕರಿಬೇವೂ ಇಲ್ಲ. ಚಟ್ನಿಪುಡಿ, ಸಾರಿನಪುಡಿ ಧಾರಾಳವಾಗಿ ಬರಲಿ.

ಭಾನುವಾರ ಇಳಿಯುವವರು ಒಂದು ಕೆಲಸ ಮಾಡಿ. ಆವತ್ತು ಊರಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ವಿಮಾನ ನಿಲ್ದಾಣದ ಸೂಪರ್‌ಮಾರ್ಕೆಟ್ ತೆರೆದಿರುತ್ತದೆ, ರೈಲು ಹತ್ತುವ ಮುಂಚೆ ಹಾಲು, ಮೊಸರು, ಬ್ರೆಡ್ಡು, ಹಣ್ಣು ತೆಗೆದುಕೊಂಡುಬಿಡಿ. ಅಕ್ಕಿ, ಬೇಳೆ ಹೇಗೂ ಸೂಟ್‌ಕೇಸಿನಲ್ಲಿರುತ್ತಲ್ವಾ.