ಪಾಯದ ಕಲ್ಲಿಗೂ ದಾನಿಗಳು ಸಿಗ್ತಾರೆ – ಗುಡಿ ಕಟ್ಟಿದ ನನ್ನ ಅನುಭವ

ನಾನು ಕಲ್ಲು ಕೆಲಸದೋನು, ಅಪ್ಪನ ಹತ್ರಾನೇ ಕಲ್ತಿದ್ದು. ಈಚೆಗೆ ಹಾಸನದ ಕಡೆ ಒಂದು ಹಳ್ಳಿಲಿ ಪೂರ್ತಿ ಕಲ್ಲಲ್ಲೇ ಈಶ್ವರನ ಗುಡಿ ಮುಗಿಸಿಕೊಟ್ವಿ. ಹೊಸದಾಗಿ ಗುಡಿ ಕಟ್ಟಬೇಕು ಅಂತಿರೋ ಕಮಿಟಿಯವರು ಫೋನ್ ಮಾಡಿ ಹೆಂಗ್ ಮಾಡಿದ್ರಿ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೇ ಬರೀತಿದೀನಿ.

ಜನ ಕೊಡ್ತಾರೆ, ಅದ್ರಲ್ಲಿ ಅನುಮಾನಾನೇ ಬೇಡ. ಆದ್ರೆ ಎಲ್ರಿಗೂ ಬೇಕಾಗಿರೋದು ವಿಗ್ರಹದ ಸೇವೆ, ಬಾಗಿಲವಾಡದ ಸೇವೆ, ಕಳಶದ ಸೇವೆ. ಪಾಯಕ್ಕೆ, ಅಧಿಷ್ಠಾನದ (ಗೋಡೆ ನಿಲ್ಲೋ ಜಗಲಿ) ಕೆಳಗಿನ ಸಾಲಿಗೆ, ಮಳೆನೀರು ಹೊರಗೆ ಹೋಗೋ ದಾರಿಗೆ ಕೊಡ್ತೀನಿ ಅಂತ ತಾವಾಗೇ ಬರೋರು ಕಮ್ಮಿ. ಅದಕ್ಕೆ ನಾನು ಮೊದ್ಲೇ ಹೇಳ್ಬಿಟ್ಟೆ, ವಿಗ್ರಹದ ಪಟ್ಟಿ ಈಗ ತೆರೀಬೇಡಿ, ಮನೆಗೊಂದು ಪಾಯದ ಕಲ್ಲು ಅಂತ ಶುರು ಮಾಡಿ, ದುಡ್ಡಿಲ್ದೋರು ಒಂದಿನ ಕೆಲಸಕ್ಕೆ ಬಂದ್ರೆ ಅದೂ ಲೆಕ್ಕಕ್ಕೆ ಬರ್ಲಿ ಅಂತ. ಟ್ರಾಕ್ಟರ್ ಇರೋರು ಟ್ರಾಕ್ಟರ್ ಕಳಿಸಿದ್ರು, ಹೆಂಗಸರು ಸರದಿ ಮೇಲೆ ನಮಗೆಲ್ಲ ಅಡಿಗೆ ಮಾಡಿ ಹಾಕಿದ್ರು. ಒಬ್ರು ಅಜ್ಜಿ ಬಂದು "ಆಚಾರ್ರೆ, ನನ್ ಕಲ್ ಯಾವ್ದು ತೋರ್ಸಪ್ಪ" ಅಂದ್ರು. ತೋರಿಸ್ದೆ. ಸೆರಗಲ್ಲಿ ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಈಶಾನ್ಯ ಮೂಲೆಯಿಂದ ಎಷ್ಟನೇದು ಅಂತ ಬೆರಳಲ್ಲಿ ಎಣಿಸಿಕೊಂಡು ಹೋದ್ರು. ಆ ಕಲ್ಲು ಈಗ ಮಣ್ಣೊಳಗಿದೆ.

ಇನ್ನು ಕಲ್ಲು ಆರಿಸೋದು. ನನ್ನ ಪ್ರಕಾರ ಅರ್ಧ ಕೆಲಸ ಅಲ್ಲೇ ಇರೋದು. ಸುತ್ತಿಗೆಲಿ ತಟ್ಟಿದ್ರೆ ಗಂಟೆ ತರ ನಾದ ಬರೋದು ಗಂಡು ಶಿಲೆ, ಅದು ವಿಗ್ರಹಕ್ಕೆ. ಹೆಣ್ಣು ಶಿಲೆ ಪೀಠಕ್ಕೆ. ನಾದಾನೇ ಇಲ್ದಿರೋ ನಪುಂಸಕ ಶಿಲೆ ಪಾಯಕ್ಕೆ ಅಂತ ಶಿಲ್ಪಶಾಸ್ತ್ರದಲ್ಲೇ ಹೇಳಿದೆ. ಶಬ್ದ ಒಂದನ್ನೇ ನಂಬಬಾರ್ದು, ನೀರನ್ನೂ ಹಾಕಿ ನೋಡ್ಬೇಕು. ಕಲ್ಲನ್ನ ಚೆನ್ನಾಗಿ ನೆನೆಸಿ ಒಣಗೋಕೆ ಬಿಟ್ಟು ಪಕ್ಕದಲ್ಲೇ ಕೂತ್ಕೊಂಡು ನೋಡ್ತಾ ಇದ್ರೆ, ಮೇಲೆಲ್ಲ ಒಣಗಿದ್ರೂ ಸೀಳಿರೋ ಕಡೆ ಕೂದಲೆಳೆಯಷ್ಟು ಗೆರೆ ಒದ್ದೆಯಾಗೇ ಉಳಿಯುತ್ತೆ. ಇಲ್ಲೂ ನಂದಿಗೆ ಅಂತ ದಾನಿಗಳು ತರಿಸಿಕೊಟ್ಟ ಕಲ್ಲಲ್ಲಿ ಕುತ್ತಿಗೆ ಬರೋ ಜಾಗಕ್ಕೇ ಅಂಥ ಗೆರೆ ಕಾಣಿಸ್ತು. ಹೇಳೋಕೆ ನಂಗೆ ಸಂಕಟ, ಅವರೇನೂ ದೊಡ್ಡ ಶ್ರೀಮಂತರಲ್ಲ. ಅವರು ಬಂದು ಗೆರೆ ನೋಡಿ, ಒಂದು ಮಾತೂ ಆಡ್ದೆ ಇನ್ನೊಂದು ಕಲ್ಲಿಗೆ ಹೇಳಿದ್ರು, ಮೊದಲಿಂದನ್ನ ಹಾಸುಗಲ್ಲಿಗೆ ಬಳಸ್ಕೊಳ್ಳಿ ಅಂದ್ರು. ಅಂಥೋರು ಇದ್ರೆ ಶಿಲ್ಪಿಗೆ ಕೈ ತಾನಾಗೇ ಓಡುತ್ತೆ.

ಬೇಲೂರು ಥರಾನೇ ಕೆತ್ತಿ ಅಂತ ಕೇಳೋರಿಗೆ ಒಂದು ವಿಷ್ಯ. ಅದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಂದ್ಮೇಲೆ ಗಟ್ಟಿಯಾಗುತ್ತೆ, ಅಷ್ಟು ನಾಜೂಕಿನ ಆಭರಣ ಬಂದಿರೋದು ಅದಕ್ಕೇನೇ. ನಾವು ವಿಗ್ರಹಕ್ಕೆ ಕೃಷ್ಣಶಿಲೆ, ಗೋಡೆಗೆ ಗ್ರಾನೈಟ್ ತಗೊಂಡಿದ್ವಿ, ಗ್ರಾನೈಟಲ್ಲಿ ಆ ಕೆಲಸ ಕೇಳಬಾರ್ದು. ಕಟ್ಟರ್, ಗ್ರೈಂಡರ್ ಒರಟು ಕೆಲಸಕ್ಕೆ ಬಳಸ್ತೀವಿ, ಮುಖ ಮಾತ್ರ ಚಾಣದಲ್ಲೇ, ಅಂದ್ರೆ ಕಲ್ಲು ಕೆತ್ತೋ ಉಳಿಲೇ. ಹಂಗಾಗಿ ದಯವಿಟ್ಟು ಕೆಲಸ ಮುಗಿಯೋಕೆ ಮುಂಚೆ ಪ್ರತಿಷ್ಠಾಪನೆ ಡೇಟ್ ಹಾಕ್ಸಿ ಕಾರ್ಡ್ ಪ್ರಿಂಟ್ ಮಾಡಿಸ್ಬೇಡಿ. ಶಿಲ್ಪಿಗೆ ಟೈಮ್ ಕೊಡೋದೂ ದಾನಾನೇ.

ಕೊನೇಲಿ ಹೆಸರಿನ ಪ್ರಶ್ನೆ ಬಂತು. ಲಕ್ಕುಂಡಿಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆಯನ್ನ ನಾಡೇ ದಾನಚಿಂತಾಮಣಿ ಅನ್ನುತ್ತೆ, 1117ರ ಬೇಲೂರಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಕೆತ್ತಿದ ಶಿಲ್ಪದ ಕೆಳಗೆ ಅವರ ಹೆಸರೇ ಇದೆ. ಕೊಟ್ಟೋರು, ಕೆತ್ತಿದೋರು ಇಬ್ರೂ ನೆನಪಲ್ಲಿ ಇರ್ಬೇಕಲ್ವಾ ಅಂದೆ, ಕಮಿಟಿಯವರು ತಕ್ಷಣ ಒಪ್ಪಿದ್ರು. ಕಂಬ ಕಂಬಕ್ಕೂ ಹೆಸರು ಬೇಡ, ಪ್ರಾಕಾರದ ಗೋಡೇಲಿ ಒಂದೇ ಕಲ್ಲು, ಮೊತ್ತ ಹಾಕ್ದೆ ಬರೀ ಹೆಸರು ಅಂತಾಯ್ತು. ಲಕ್ಷ ಕೊಟ್ಟೋರು, ಆ ಅಜ್ಜಿ, ಅಡಿಗೆ ಮಾಡ್ದೋರು, ನಮ್ಮ ಚಾಣ ಸಾಣೆ ಹಿಡೀತಿದ್ದ ಹುಡುಗ, ಎಲ್ರೂ ಒಂದೇ ಅಳತೆ ಅಕ್ಷರದಲ್ಲಿ ಅದ್ರಲ್ಲಿದಾರೆ.