ಕೆಟ್ಟ ಕಾರ್ಡ್ ಬಿದ್ದಾಗ ನಾನು ಮಾಡುವುದು: ನನ್ನ ಅನುಭವ

"ಟವರ್ ಬಿದ್ದ ಗಿರಾಕಿ ಮತ್ತೆ ಬರಂಗಿಲ್ಲ, ಬರಕೊಂಡು ಇಟ್ಕೊ." ಬಳ್ಳಾರಿಯ ಹಿರಿಯರೊಬ್ಬರು ನನಗೆ ಹೀಗೆ ಹೇಳಿದ್ದರು. ಟವರ್ ಅಂದರೆ ಟ್ಯಾರೋದಲ್ಲಿ ಸಿಡಿಲು ಬಡಿದ ಗೋಪುರದ ಕಾರ್ಡ್, ಕೆಟ್ಟ ಕಾರ್ಡ್‌ಗಳಲ್ಲಿ ಒಂದು. ಈ ಭಾಗದಲ್ಲಿ ಭವಿಷ್ಯ ಕೇಳಲು ಬಂದವರಿಗೆ ಟ್ಯಾರೋ ಕಾರ್ಡ್ ಓದುವ ಐದಾರು ಜನ ನಾವು ವರ್ಷಕ್ಕೆ ಒಂದೆರಡು ಸಲ ಸೇರುತ್ತೇವೆ. ಕೆಟ್ಟ ಕಾರ್ಡ್ ಬಿದ್ದರೆ ಅದನ್ನು ಗಿರಾಕಿಯ ಕೈಗೇ ಕೊಟ್ಟು ಏನು ಕಾಣುತ್ತದೆ ಅಂತ ಕೇಳುವುದು ನನ್ನ ರೀತಿ. ಅಲ್ಲಿ ಅದನ್ನು ಹೇಳಿದಾಗ ಎಲ್ಲರೂ ನಕ್ಕರು. "ಗಿರಾಕಿನೇ ಕಾರ್ಡ್ ಓದಿದ್ರ ನೀ ಯಾಕ ಬೇಕು?" ಅಂದರು. ನಾನು ಬರೆದುಕೊಂಡೇ ಇಟ್ಟೆ, ಒಂದು ನೋಟ್‌ಬುಕ್ಕಿನಲ್ಲಿ. ಈಗ ತಿರುವಿ ನೋಡಿದರೆ ಕೆಟ್ಟ ಕಾರ್ಡ್ ಬಿದ್ದವರಲ್ಲೇ ಹತ್ತರಲ್ಲಿ ಆರೇಳು ಜನ ತಿರುಗಿ ಬಂದಿದ್ದಾರೆ. ಒಳ್ಳೆ ಕಾರ್ಡ್ ಬಿದ್ದವರು ಅಷ್ಟು ಬರುವುದಿಲ್ಲ. ಖುಷಿಯಾಗಿ ಹೋಗಿ ಮರೆತುಬಿಡುತ್ತಾರೆ.

ನನ್ನದು ಗಂಗಾವತಿಯಲ್ಲಿ ಸೀರೆಗೆ ಫಾಲ್, ಪಿಕೋ ಹಾಕುವ ಅಂಗಡಿ. ಹಿಂದಿನ ಕೋಣೆಯಲ್ಲಿ ಕಾರ್ಡ್. ಮೊದಲ ಡೆಕ್ (ಕಾರ್ಡಿನ ಕಟ್ಟು) ಸಿಕ್ಕಿದ್ದು 2016ರ ಸುಮಾರಿಗೆ, ಹಂಪಿಯ ಎದುರು ದಂಡೆಯಲ್ಲಿ ವಿದೇಶಿಗರು ತಂಗುತ್ತಿದ್ದ ವಿರೂಪಾಪುರ ಗಡ್ಡೆಯಲ್ಲಿ. ಊರಿಗೆ ಹೊರಟಿದ್ದ ವಿದೇಶಿ ಹುಡುಗಿಯೊಬ್ಬಳು ಐನೂರಕ್ಕೆ ಕೊಟ್ಟಳು. ರೈಡರ್-ವೇಟ್ ಅನ್ನುವ ಹೆಸರಾಂತ ಟ್ಯಾರೋ ಡೆಕ್. ಮನೆಗೆ ಬಂದು ಎಣಿಸಿದರೆ 78 ಇರಬೇಕಾದಲ್ಲಿ 77 ಕಾರ್ಡ್. ಕಳೆದಿದ್ದು ಯಾವುದು ಗೊತ್ತಾ? ಸನ್! ಡೆತ್ ಇದೆ, ಡೆವಿಲ್ ಇದೆ, ಸೂರ್ಯನೇ ಇಲ್ಲ. ಎರಡು ವರ್ಷ ಅದರಲ್ಲೇ ಓದಿದೆ.

ಆಮೇಲೆ ಆನ್‌ಲೈನ್ ಕೋರ್ಸ್‌ಗೆ ಆರೂವರೆ ಸಾವಿರ ಸುರಿದೆ. ಅಲ್ಲಿ ಕಲಿಸಿದ್ದು ಇಷ್ಟೇ. ಪ್ರತಿ ಕೆಟ್ಟ ಕಾರ್ಡ್‌ಗೂ ಒಂದು ಸಿಹಿ ಮಾತು. ಡೆತ್ ಅಂದರೆ ಹೊಸ ಆರಂಭ, ಟವರ್ ಅಂದರೆ ಎಚ್ಚರ. ಬಾಯಿಪಾಠ ಮಾಡಿದೆ. ಕಾರಟಗಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳು. ಬಿದ್ದಿದ್ದು ಡೆತ್. ನಾನು ನಗುನಗುತ್ತಾ, "ಏನೂ ಅಂಜಬ್ಯಾಡ್ರಿ, ಇದು ಹೊಸ ಆರಂಭ" ಅಂದೆ. ಅವಳು ಕಾರ್ಡ್ ನೋಡಲಿಲ್ಲ, ನನ್ನ ಮುಖ ನೋಡಿದಳು. "ನನ್ನ ತಮ್ಮ ಹೋಗಿ ಮೂರು ತಿಂಗಳಾತ್ರಿ ಅಕ್ಕಾರ. ಯಾರಿಗ್ರಿ ಹೊಸದು?" ಅಂದಳು. ನೂರೈವತ್ತೊಂದು ರೂಪಾಯಿ ಟೇಬಲ್ ಮೇಲಿಟ್ಟು ಎದ್ದು ಹೋದಳು. ಆ ದುಡ್ಡು ಮುಟ್ಟಲು ನನಗೆ ಎರಡು ದಿನ ಕೈ ಬರಲಿಲ್ಲ.

ಅದಾದ ಮೇಲೆ ಇನ್ನೊಂದು ಪೆದ್ದುತನ ಮಾಡಿದೆ. ಒಂಬತ್ತು ಕೆಟ್ಟ ಕಾರ್ಡ್ ಡೆಕ್‌ನಿಂದ ತೆಗೆದೇಬಿಟ್ಟೆ. 15ನೇ ಶತಮಾನದ ಇಟಲಿಯ ವಿಸ್ಕೊಂಟಿ-ಸ್ಫೋರ್ಜಾ ಡೆಕ್‌ನಲ್ಲಿ ಇವತ್ತು ಉಳಿದಿರುವ ಕಾರ್ಡ್‌ಗಳಲ್ಲಿ ಡೆವಿಲ್, ಟವರ್, ತ್ರೀ ಆಫ್ ಸ್ವೋರ್ಡ್ಸ್ (ಮೂರು ಕತ್ತಿಯ ಕಾರ್ಡ್) ಇಲ್ಲವೇ ಇಲ್ಲ. ಅಷ್ಟು ದೊಡ್ಡ ಡೆಕ್‌ನಲ್ಲೇ ಇಲ್ಲ ಅಂದಮೇಲೆ ನನ್ನದರಲ್ಲಿ ಯಾಕೆ ಬೇಕು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವು ಎಲ್ಲೋ ಕಳೆದುಹೋಗಿರಬಹುದು, ಯಾರೂ ಬೇಕಂತ ತೆಗೆದಿರಲಿಕ್ಕಿಲ್ಲ ಅನ್ನುವುದು ಬೇರೆ ಮಾತು! ಎರಡು ತಿಂಗಳು ಎಲ್ಲರಿಗೂ ಒಳ್ಳೆಯದೇ ಬಿತ್ತು. ಕೊನೆಗೆ ನಮ್ಮ ಓಣಿಯ ಅಜ್ಜಿ ಕೇಳಿಯೇಬಿಟ್ಟರು: "ಏನವ್ವಾ, ನಿನ್ನ ಗಿಣಿ ಬರೇ ಚೊಲೋದ ಚೀಟಿ ತಗೀತೈತಲ್ಲ?" ಒಂಬತ್ತೂ ವಾಪಸ್ ಬಂದವು.

ದಾರಿ ಕಂಡಿದ್ದು ನನ್ನದೇ ನಷ್ಟದಲ್ಲಿ. ಚೀಟಿ ಹಾಕಿದ್ದ ಎಂಬತ್ತು ಸಾವಿರ ಮುಳುಗಿತು. ಯಾರ ಹತ್ತಿರ ಅಂತ ಬರೆಯುವುದಿಲ್ಲ, ಬಿಡಿ. ನಿದ್ದೆ ಇಲ್ಲದ ರಾತ್ರಿ, ಕರೆಂಟ್ ಬೇರೆ ಹೋಗಿತ್ತು. ಮೊಬೈಲ್ ಟಾರ್ಚ್ ಹಿಡಿದು ನನಗೇ ಒಂದು ಕಾರ್ಡ್ ಎಳೆದೆ. ಟೆನ್ ಆಫ್ ಸ್ವೋರ್ಡ್ಸ್. ಬೋರಲು ಬಿದ್ದವನು, ಬೆನ್ನಿಗೆ ಹತ್ತು ಕತ್ತಿ. ಕೈ ಸೋತು ಟಾರ್ಚ್ ಜಾರಿತು, ಬೆಳಕು ಬರೀ ಹಿಂದಿನ ಆಕಾಶದ ಮೇಲೆ ಬಿತ್ತು. ಮೇಲೆ ಕಪ್ಪು, ಅದರ ಕೆಳಗೆ ಹಳದಿ. ಬೆಳಗಾಗುತ್ತಿದೆ! ನೀರು ಅಲ್ಲಾಡದೆ ನಿಂತಿದೆ. ಮೂರು ವರ್ಷ ಈ ಕಾರ್ಡ್ ಹಿಡಿದವಳು ನಾನು, ಕತ್ತಿ ಎಣಿಸಿದ್ದೇ ಎಣಿಸಿದ್ದು. ಆ ಹಳದಿ ಕಂಡೇ ಇರಲಿಲ್ಲ.

ಮರುದಿನ ಫಾಲ್ ಹಾಕುವ ಕೆಲಸ ಬಿಟ್ಟು 78 ಕಾರ್ಡನ್ನೂ ಹರಡಿಕೊಂಡು ಕೂತೆ. (ಅಷ್ಟರಲ್ಲಿ ಹದಿನಾಲ್ಕು ನೂರು ಕೊಟ್ಟು ಹೊಸ ಡೆಕ್ ತರಿಸಿದ್ದೆ, ಸೂರ್ಯನ ಸಮೇತ.) ಈ ರೈಡರ್-ವೇಟ್ ಡೆಕ್ ಮೊದಲು ಬಂದಿದ್ದು 1909ರಲ್ಲಿ, ಚಿತ್ರ ಬಿಡಿಸಿದ್ದು ಪಮೇಲಾ ಕೋಲ್ಮನ್ ಸ್ಮಿತ್. ಆ ಹೆಣ್ಣುಮಗಳು ಕೆಟ್ಟ ಕಾರ್ಡ್‌ಗಳಲ್ಲಿ ಬಹಳಷ್ಟರಲ್ಲಿ ಏನಾದರೊಂದು ಬಿಟ್ಟು ಹೋಗಿದ್ದಾಳೆ. ಡೆತ್‌ನಲ್ಲಿ ಕುದುರೆ ಹಿಂದೆ, ದೂರದಲ್ಲಿ, ಎರಡು ಗೋಪುರದ ನಡುವೆ ಸೂರ್ಯ. ಫೈವ್ ಆಫ್ ಕಪ್ಸ್‌ನಲ್ಲಿ ಚೆಲ್ಲಿದ್ದು ಮೂರು ಬಟ್ಟಲು, ಬೆನ್ನ ಹಿಂದೆ ನಿಂತಿರುವುದು ಎರಡು, ಹೊಳೆಗೆ ಸೇತುವೆಯೂ ಇದೆ. ಕಾರ್ಡ್ ಓದುವವರಿಗೆಲ್ಲ ಇದು ಗೊತ್ತು. ನನಗೂ ಓದಿ ಗೊತ್ತಿತ್ತು. ಆದರೆ ಇದನ್ನು ಗಿರಾಕಿಗೆ ನಾನು ಹೇಳಿದರೆ ಅದೂ ಇನ್ನೊಂದು ಸಿಹಿ ಮಾತೇ. ಅವರೇ ಕಾಣಬೇಕು.

ಈಗ ನಾನು ಮಾಡುವುದು ಇಷ್ಟು. ಕೆಟ್ಟದ್ದನ್ನು ಮೊದಲು ನೇರವಾಗಿ ಹೇಳುತ್ತೇನೆ: "ಕಾರ್ಡ್ ಕಷ್ಟದ್ದೈತ್ರಿ." ಕಾರ್ಡನ್ನು ಅವರ ಕೈಗೇ ಕೊಡುತ್ತೇನೆ. "ಕತ್ತಿ ಬಿಟ್ಟು ಇನ್ನೇನು ಕಾಣ್ತೈತಿ?" ಅಂತ ಕೇಳಿ ಸುಮ್ಮನಾಗುತ್ತೇನೆ. ಪೂರ್ತಿ ಸುಮ್ಮನೆ. ಇದೇ ಕಷ್ಟ, ನಮ್ಮಂಥ ಮಾತಿನ ಮಲ್ಲಿಯರಿಗೆ. ಒಂದು ನಿಮಿಷ ಅಂದರೆ ಬಹಳ ಉದ್ದ. ಮೊದಲೆಲ್ಲ ಬಾಯಿ ಬಿಡಬಾರದು ಅಂತ ಏಲಕ್ಕಿ ಹಾಕಿಕೊಂಡು ಕೂರುತ್ತಿದ್ದೆ. ಅವರು ಏನೋ ಒಂದು ಕಂಡು ಹೇಳಿದ ಮೇಲೆ ಎರಡನೇ ಪ್ರಶ್ನೆ: "ನಿಮ್ಮ ಮನ್ಯಾಗ ಅದು ಯಾವುದು?" ಮೂರನೇ ಪ್ರಶ್ನೆಯೂ ಒಂದಿದೆ. ಅದನ್ನು ಬರೆಯುವುದಿಲ್ಲ, ನನ್ನ ಹೊಟ್ಟೆಪಾಡು.

ಹೊಲಿಗೆ ಕಲಿಯುವ ಹುಡುಗಿಯೊಬ್ಬಳಿಗೆ ಏಟ್ ಆಫ್ ಸ್ವೋರ್ಡ್ಸ್ ಬಂತು. ಕಣ್ಣಿಗೆ ಬಟ್ಟೆ, ಮೈಗೆ ಕಟ್ಟು, ಸುತ್ತ ಕತ್ತಿ. ತಿರುಗಿಸಿ ತಿರುಗಿಸಿ ನೋಡಿದಳು. "ಅಕ್ಕಾರ, ಕಾಲು ಕಟ್ಟಿಲ್ಲಲ್ರಿ!" ಅಂದಳು. ನಾನು ಹೇಳುವುದು ಇನ್ನೇನು ಉಳಿಯಿತು? ಮ್ಯಾಚ್ ಬೆಟ್ಟಿಂಗ್ ಚಟದ ಹುಡುಗನೊಬ್ಬ ಡೆವಿಲ್ ನೋಡಿ, "ಸರಪಳಿ ಸಡಿಲ ಐತಿ, ತಲಿ ಹೊರಗ ತಗೀಬಹುದು" ಅಂದ. ಚಟ ಬಿಟ್ಟನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಫೀಸೂ ಕೊಡಲಿಲ್ಲ.

ನನ್ನ ಹೆಮ್ಮೆ ಮಾತ್ರ 2024ರ ಆಗಸ್ಟ್. 10ನೇ ತಾರೀಕು ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಆ ವಾರ ಗಂಗಾವತಿಯಲ್ಲಿ ಯಾರ ಬಾಯಲ್ಲೂ ಬೇರೆ ಮಾತಿಲ್ಲ. ಭತ್ತದ ಸೀಮೆ ಅಲ್ವಾ, ಡ್ಯಾಂ ಖಾಲಿಯಾದರೆ ಎಲ್ಲರೂ ಖಾಲಿ. ಅಂಥದ್ದರಲ್ಲಿ ನಾಟಿ ಮಾಡಿಸಿದ್ದ ರೈತರೊಬ್ಬರು ಹೆಂಡತಿಯ ಜೊತೆ ಬಂದರು. ಬಿದ್ದಿದ್ದು ಟವರ್! ನನಗೇ ಗಂಟಲು ಒಣಗಿತು. ಸಿಡಿಲು, ಬೆಂಕಿ, ತಲೆಕೆಳಗಾಗಿ ಬೀಳುವ ಇಬ್ಬರು. ಗಂಡ ಮುಖ ಆಚೆ ತಿರುಗಿಸಿದರು. ಹೆಂಡತಿ ಕನ್ನಡಕ ಹಾಕಿಕೊಂಡು ಕಾರ್ಡ್ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಟೋಪಿ ಅಷ್ಟ ಹಾರೇತಿ. ಗೋಡಿ ನಿಂತೈತಲ್ರಿ" ಅಂದರು. ಹೌದು, ಕಿರೀಟ ಹಾರಿದೆ, ಗೋಪುರ ನಿಂತಿದೆ! "ಮೂವತ್ಮೂರು ಗೇಟಿನಾಗ ಒಂದು ಹೋಗೇತಿ, ಮೂವತ್ತೆರಡು ಅದಾವು" ಅಂತ ಗಂಡ ಈಕಡೆ ತಿರುಗಿದರು. ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಕೂರಿಸಿದರು, ಆಮೇಲಿನ ಮಳೆಗೆ ಡ್ಯಾಂ ಮತ್ತೆ ತುಂಬಿತು. ನಾನು ಭವಿಷ್ಯ ನುಡಿದೆ ಅಂತ ಊರಲ್ಲಿ ಸುದ್ದಿಯಾಯಿತು. ನಾನು ನುಡಿದಿದ್ದು ಏನೂ ಇಲ್ಲ. ಆದರೂ ಸುದ್ದಿಯನ್ನು ಅಲ್ಲಗಳೆಯಲು ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಡುವೆ ಸುಮ್ನೆ ಒಂದು ಪ್ರಯೋಗವೂ ಆಯಿತು. ಮೈಲಾರ ಜಾತ್ರೆಯ ಕಾರಣಿಕ, ಅಂದರೆ ವರ್ಷದ ಭವಿಷ್ಯವಾಣಿ, ನೋಡಿದ್ದೀರಲ್ಲ. ಗೊರವಯ್ಯ ಬಿಲ್ಲೇರಿ "ಸದ್ದಲೇ" ಅಂತ ಕೂಗಿ ಒಂದೇ ಮಾತು ನುಡಿಯುತ್ತಾರೆ. ರೈತರು ಅದನ್ನು ಮಳೆಗೆ ಹಚ್ಚುತ್ತಾರೆ, ರಾಜಕೀಯದವರು ಕುರ್ಚಿಗೆ ಹಚ್ಚುತ್ತಾರೆ. ನಾನೂ ಕಾರ್ಡ್‌ಗೆ ಒಂದೇ ಸಾಲು ಹೇಳಿ ಬಿಡೋಣ ಅಂತ ಮಾಡಿದೆ. "ಬಟ್ಟಲು ಎರಡು ನಿಂತಾವು" ಅಂದದ್ದಕ್ಕೆ ಒಬ್ಬಾಕೆ ಅವಳಿ ಮಕ್ಕಳು ಅಂದುಕೊಂಡು ಅತ್ತೆ ಮನೆಗೆಲ್ಲ ಹೇಳಿಬಿಟ್ಟಳು. ಅಲ್ಲಿಗೆ ಮುಗಿಯಿತು.

ಡೆಕ್ ವಿಷಯದಲ್ಲಿ ಒಂದು ಮಾತು, ದುಡ್ಡು ಕಳೆದುಕೊಂಡು ಕಲಿತದ್ದು. ಮುನ್ನೂರೈವತ್ತಕ್ಕೆ ಸಿಗುವ ನಕಲಿ ಡೆಕ್ ಒಂದು ತಗೊಂಡಿದ್ದೆ, ಒರಿಜಿನಲ್ ಸವೆಯದಿರಲಿ ಅಂತ. ಅದರ ಪ್ರಿಂಟ್‌ನಲ್ಲಿ ಹಳದಿ ಬೂದಿ ಬಣ್ಣಕ್ಕೆ ತಿರುಗಿತ್ತು. ಟೆನ್ ಆಫ್ ಸ್ವೋರ್ಡ್ಸ್‌ನಲ್ಲಿ ಬೆಳಗೇ ಆಗಲಿಲ್ಲ! ಮೂರು ಗಿರಾಕಿಗಳು "ಏನೂ ಕಾಣಂಗಿಲ್ರಿ" ಅಂದ ಮೇಲೆ ನನಗೆ ತಿಳಿಯಿತು. ಒರಿಜಿನಲ್ಲೇ ಇಡಿ. ಏಪ್ರಿಲ್, ಮೇ ಬೆವರಿಗೆ ಕಾರ್ಡ್ ಅಂಟಿಕೊಂಡರೆ ಚೂರು ಟಾಲ್ಕಂ ಪೌಡರ್ ಸಾಕು.

ಫೀಸು ಈಗ ಮುನ್ನೂರೊಂದು. ಮೊದಲು ಹದಿನೈದು ನಿಮಿಷಕ್ಕೆ ಒಬ್ಬರು, ದಿನಕ್ಕೆ ಏಳೆಂಟು ಜನ ಮುಗಿಯುತ್ತಿದ್ದರು. ಈಗ ಒಬ್ಬರಿಗೇ ಮುಕ್ಕಾಲು ಗಂಟೆ ಬೇಕು, ನಾಲ್ಕು ಜನಕ್ಕೆ ಸುಸ್ತು. ತಿಂಗಳಿಗೆ ಒಂಬತ್ತು ಹತ್ತು ಸಾವಿರ, ಮೊದಲಿಗಿಂತ ಜಾಸ್ತಿಯೇ. ಆಪರೇಷನ್, ರಿಪೋರ್ಟ್ ಅಂತ ಕೇಳಿ ಬಂದವರಿಗೆ ಡೆಕ್ ಮುಟ್ಟುವುದಿಲ್ಲ, ಡಾಕ್ಟರ್ ಹತ್ತಿರ ಕಳಿಸುತ್ತೇನೆ.

ಬಗ್ಗದ ಕಾರ್ಡ್ ಒಂದೇ ಉಳಿದಿದೆ. ತ್ರೀ ಆಫ್ ಸ್ವೋರ್ಡ್ಸ್. ಒಂದು ಹೃದಯ, ಮೂರು ಕತ್ತಿ, ಹಿಂದೆ ಮೋಡ, ಮಳೆ. ಮನುಷ್ಯರಿಲ್ಲ, ದಾರಿ ಇಲ್ಲ, ಹಳದಿ ಇಲ್ಲ. ಅದು ಬಿದ್ದಾಗ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದೇನೆ. ಬಾಗಿಲು ಮುಂದೆ ಮಾಡಿ, ಒಂದು ತಂಬಿಗೆ ನೀರು ಇಟ್ಟು, "ಅತ್ತುಬಿಡ್ರಿ" ಅನ್ನುತ್ತೇನೆ. ಅವತ್ತು ಅರ್ಧ ಫೀಸು. ಆ ಕಾರ್ಡ್‌ನಲ್ಲಿ ಯಾರಿಗಾದರೂ ಏನಾದರೂ ಕಂಡಿದ್ದರೆ ಅಂಗಡಿಗೆ ಬಂದು ಹೇಳಿ. ಬದಲಿಗೆ ಆ ಮೂರನೇ ಪ್ರಶ್ನೆ ಕೊಡುತ್ತೇನೆ.