ಗ್ರಿಡ್ ಮೇಲೆ ಕೂರದ ಹಾಡುಗಳು

ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಇಪ್ಪತ್ತು ವರ್ಷದಿಂದ ಹಾಡುತ್ತಿರುವವಳು ನಾನು. ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ, ಹಿಂದೆ ಜನರ ದನಿ. ಇಷ್ಟೇ ನನಗೆ ಗೊತ್ತಿದ್ದ ಸಂಗೀತ. ಎಂಟು ಹಾಡಿನ ಆಲ್ಬಂ ಮಾಡಲು ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಹೋದರೆ, ಹೆಡ್‌ಫೋನ್ ಹಾಕಿ ಒಬ್ಬಳನ್ನೇ ಒಳಗೆ ನಿಲ್ಲಿಸಿ ತಾಳ ಹಿಡಿಯಲು ಟಿಕ್ ಟಿಕ್ ಅನ್ನುವ ಕ್ಲಿಕ್ ಬಿಟ್ಟರು. ಮೊದಲ ಚರಣ ಮುಗಿಯುವಷ್ಟರಲ್ಲೇ ತಪ್ಪಿದೆ.

"ಅಕ್ಕಾರ, ಗ್ರಿಡ್ ಮ್ಯಾಲ ಕುಂದ್ರವಲ್ದು ನೋಡ್ರಿ," ಅಂದ ಇಂಜಿನಿಯರ್ ಹುಡುಗ. ಗ್ರಿಡ್ ಅಂದರೆ ಕ್ಲಿಕ್‌ಗೆ ತಕ್ಕಂತೆ ಕಂಪ್ಯೂಟರ್ ಪರದೆಯ ಮೇಲೆ ಕಾಣುವ ತಾಳದ ಗೆರೆಗಳು.

ತಾಳ ನನ್ನದೇ ಕೆಟ್ಟಿದೆ ಅಂದುಕೊಂಡು ಎರಡು ದಿನ ಹೆಣಗಿದೆ. ಕೊನೆಗೆ ಒಂದು ಭಾನುವಾರದ ಮೊಬೈಲ್ ರೆಕಾರ್ಡಿಂಗನ್ನು ಕ್ಲಿಕ್ ಜೊತೆ ಇಟ್ಟು ಕೇಳಿದೆವು. ಚರಣ ಮುಗಿಸಿ ಪಲ್ಲವಿಗೆ ಮರಳುವ ಮುನ್ನ ನಮ್ಮ ಜನ ಪ್ರತಿ ಸಲ ತುಸು ನಿಲ್ಲುತ್ತಾರೆ, ಹಿಂದಿನ ಬೆಂಚಿನ ಅಜ್ಜಿಯರು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಆ ಬಿಡುವಿಲ್ಲದೆ ಪಲ್ಲವಿ ಎತ್ತುವುದು ನನ್ನ ಗಂಟಲಿಗೆ ಗೊತ್ತೇ ಇಲ್ಲ.

ಐದು ಹಾಡಿಗೆ ಕ್ಲಿಕ್ ತೆಗೆಸಿದೆ. ತಬಲಾದವರನ್ನು ಗಾಜಿನ ಆಚೆ ನನ್ನ ಕಣ್ಣಿಗೆ ಕಾಣುವಂತೆ ಕೂರಿಸಿ, ಒಟ್ಟಿಗೇ ಹಾಡಿ ನುಡಿಸಿದೆವು. ಸುಲಭವೇನಲ್ಲ. ಕ್ಲಿಕ್ ಇಲ್ಲದಿದ್ದರೆ ಒಂದು ಟೇಕಿನ ಸಾಲು ಕತ್ತರಿಸಿ ಇನ್ನೊಂದಕ್ಕೆ ಅಂಟಿಸಲು ಬರುವುದಿಲ್ಲ, ಒಂದೆಡೆ ಕೆಟ್ಟರೆ ಪೂರ್ತಿ ಮತ್ತೆ ಹಾಡಬೇಕು. ಒಂದು ಕೀರ್ತನೆಗೆ ಹದಿಮೂರು ಟೇಕ್ ಆಯಿತು. ಆಮೇಲೆ ಕೀಬೋರ್ಡ್ ತುಂಬಲು ಬಂದವರು ನನ್ನನ್ನು ಮನಸ್ಸಿನಲ್ಲೇ ಬೈದಿರಬೇಕು.

ಇನ್ನು "ಪ್ರಭು". ಈ ಒಂದು ಶಬ್ದ ಮೈಕಿಗೆ ಎರಡೇಟು ಹಾಕುತ್ತದೆ: ಪಕಾರಕ್ಕೊಮ್ಮೆ, ಭಕಾರಕ್ಕೊಮ್ಮೆ. ಬಾಯಿಯ ಗಾಳಿ ತಡೆಯಲು ಮೈಕಿನ ಮುಂದಿಡುವ ಪಾಪ್ ಫಿಲ್ಟರ್ ಇದ್ದರೂ ಧಪ್ ಧಪ್. ಮೈಕನ್ನು ಮೂಗಿನ ಮಟ್ಟಕ್ಕೆ ಏರಿಸಿ, ತುಸು ಓರೆ ಮಾಡಿ, ಒಂದು ಗೇಣು ಹಿಂದೆ ಸರಿದು ನಿಂತ ಮೇಲೆ ಸರಿಹೋಯಿತು. "ಸ್ತೋತ್ರ"ದ ಸಕಾರ ಚುಚ್ಚುತ್ತದೆಂದು ಅದನ್ನು ತಗ್ಗಿಸುವ ಡಿ-ಎಸ್ಸರ್ ಹಾಕಿದರು, ನಾನು ತೊದಲಿದಂತೆ ಕೇಳಿಸಿತು. ಅರ್ಧಕ್ಕರ್ಧ ಇಳಿಸಿದೆವು.

ಹಾಡು ಆರಿಸುವಾಗಲೂ ಜಗಳವಿತ್ತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಅವರ ಊರಿನ ರಾಗಗಳಿಗೆ ಕನ್ನಡ ಮಾತು ಕೂರಿಸಿದ ಗೀತೆಗಳನ್ನು ನಾವು ಇಂದಿಗೂ ಪ್ರೀತಿಯಿಂದ ಹಾಡುತ್ತೇವೆ. ಆದರೆ ಸ್ಟುಡಿಯೋದಲ್ಲಿ ದನಿ ಬರಿಗೈಲಿ ನಿಂತಾಗ, ಆ ರಾಗಕ್ಕೆ ಹೊಂದಿಸಲು ಹ್ರಸ್ವ ಅಕ್ಷರ ಎಳೆದು, ದೀರ್ಘವನ್ನು ಮೊಟಕು ಮಾಡುವುದು ಕಿವಿಗೆ ಹೊಡೆಯುತ್ತದೆ. ಸಭೆಯಲ್ಲಿ ನೂರು ದನಿಗಳ ನಡುವೆ ಅದು ಮುಚ್ಚಿಹೋಗುತ್ತಿತ್ತು. ನಿಘಂಟಿನ ಕಿಟೆಲ್ ಸಾಹೇಬರು 1862ರಲ್ಲೇ "ಕಥಾಮಾಲೆ"ಯಲ್ಲಿ ಕ್ರಿಸ್ತನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದ್ದರು, ಕಿವಿ ಇದ್ದ ಮನುಷ್ಯ. ನಾನು ಆ ಪರದೇಶಿ ಧಾಟಿಯವನ್ನು ಎರಡಕ್ಕೆ ಇಳಿಸಿದೆ, ಉಳಿದವೆಲ್ಲ ನಮ್ಮ ಕೀರ್ತನೆಗಳು. ಸಭೆಯ ಹಿರಿಯರೊಬ್ಬರು ಇನ್ನೂ ಸಿಟ್ಟಿನಲ್ಲಿದ್ದಾರೆ.

ಮೊದಲ ಮಿಕ್ಸ್ ಬಂದ ರಾತ್ರಿ ಅವ್ವನಿಗೆ ಕೇಳಿಸಿದೆ. ಕೇಳಿ, "ಇದು ಯಾರ ದನಿ ಬೇ?" ಅಂದಳು. ನನಗೆ ಹೇಳದೆ ಪಿಚ್ ಕರೆಕ್ಷನ್, ಅಂದರೆ ಸ್ವರವನ್ನು ಕಂಪ್ಯೂಟರಿನಲ್ಲಿ ತಿದ್ದುವುದು, ಹಾಕಿದ್ದರು. ನಿಷಾದದಿಂದ ಷಡ್ಜಕ್ಕೆ ನಾನು ಜಾರುವ ಮೀಂಡು ಮೆಟ್ಟಿಲಾಗಿಬಿಟ್ಟಿತ್ತು. ಮರುದಿನವೇ ಹೋಗಿ ಕೂತು ತೆಗೆಸಿದೆ. ಆರನೇ ಹಾಡಿನ ಒಂದು ಸ್ವರ ತುಸು ಕೆಳಗಿದೆ, ಅದು ಹಾಗೇ ಇರಲಿ ಅಂದೆ. ಜೋರು ಮಾಡಿಸುವ ಆಸೆಯನ್ನೂ ಬಿಟ್ಟೆ. ಸ್ಪಾಟಿಫೈ ಹೇಗೂ ಎಲ್ಲವನ್ನೂ ಸುಮಾರು -14 ಎಲ್‌ಯುಎಫ್‌ಎಸ್ (ದನಿಯ ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ.

ಅಪ್‌ಲೋಡ್ ಮಾಡುವಾಗ ಸಾಹಿತ್ಯ ಯಾರದ್ದೆಂದು ಕೇಳುತ್ತದೆ. ಮೂರು ಕೀರ್ತನೆಗಳಿಗೆ ಹಾಡಿನ ಪುಸ್ತಕದಲ್ಲೂ ಹೆಸರಿಲ್ಲ, "ಸಾಂಪ್ರದಾಯಿಕ" ಎಂದು ಬರೆದೆ. ನಮ್ಮ ಕಡೆ ಈಗಲೂ ಪೆನ್ ಡ್ರೈವ್ ಕೇಳುವವರೇ ಹೆಚ್ಚು, ಟ್ರ್ಯಾಕ್ಟರಿನಲ್ಲಿ ಹಾಕಿಕೊಳ್ಳಲು. ಐವತ್ತು ತಂದಿದ್ದೆ, ಏಳು ಉಳಿದಿವೆ.